ಒಮೆಗಾಗೆ ಗ್ರೇಸ್ ಮಾರ್ಕ್ಸು

ಆಕಾಶದ ಫೋಟೊ ತೆಗೆಯುವ ಹುಚ್ಚಿಗೆ ದುಡ್ಡು ಬೇಕು, ಬೆನ್ನು ಗಟ್ಟಿಯಿರಬೇಕು ಎನ್ನುತ್ತಾರೆ. ಅವೆರಡೂ ಹೇಗೋ ಹೊಂದಿಕೊಳ್ಳುತ್ತವೆ. ಹೊಂದದಿರುವುದು ಮನಸ್ಸು. ಫೆಬ್ರವರಿಯ ಸಂಜೆ ತಾರಸಿ ಹತ್ತಿದರೆ ಓರಾಯನ್ ನೀಹಾರಿಕೆ ನೆತ್ತಿಯ ಹತ್ತಿರವೇ ಇರುತ್ತದೆ. ಟೆಲಿಸ್ಕೋಪನ್ನು ಅದರ ಮೇಲೆ ನಿಲ್ಲಿಸುವಷ್ಟರಲ್ಲಿ ಪಕ್ಕದ ರೋಸೆಟ್ ಮೇಲೆ ಕಣ್ಣು ಬೀಳುತ್ತದೆ. ಇನ್ನೊಂದಿಷ್ಟು ಹೊತ್ತಿಗೆ ಸಿಂಹ ರಾಶಿಯ ಗ್ಯಾಲಕ್ಸಿಗಳು ಮೇಲೇರುತ್ತವೆ. ಬೆಂಗಳೂರಿನ ಬೆಳಕಿನಲ್ಲಿ ಮಸುಕಾದ ನೀಹಾರಿಕೆಯೊಂದು ಫೋಟೊದಲ್ಲಿ ಸರಿಯಾಗಿ ಮುಖ ತೋರಿಸಬೇಕಾದರೆ ಐದೈದು ನಿಮಿಷದ ಎಕ್ಸ್‌ಪೋಷರುಗಳನ್ನು ಹತ್ತಿಪ್ಪತ್ತು ಗಂಟೆ ಆಗುವಷ್ಟು ಕೂಡಿಹಾಕಬೇಕು. ನಮ್ಮಂಥವರ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಎಲ್ಲವೂ ಅರ್ಧರ್ಧ ಗಂಟೆಯದೇ.

ಇದಕ್ಕೆ ಮದ್ದು ಟಾರ್ಗೆಟ್ ಶೆಡ್ಯೂಲರ್. ನೀನಾ ಎಂದು ನಾವೆಲ್ಲ ಕರೆಯುವ ಪುಕ್ಕಟೆ ತಂತ್ರಾಂಶವೊಂದಿದೆ; ಅದಕ್ಕೆ ಜೋಡಿಸಿಕೊಳ್ಳುವ ಪ್ಲಗಿನ್ ಇದು. ಬೇಕಾದ ಗುರಿಗಳನ್ನೆಲ್ಲ ಒಮ್ಮೆ ಪಟ್ಟಿ ಮಾಡಿ ಕೊಟ್ಟರೆ ಸಾಕು, ಈಗ ಯಾವುದು, ಆಮೇಲೆ ಯಾವುದು ಎಂದು ರಾತ್ರಿಯಿಡೀ ಅದೇ ತೀರ್ಮಾನಿಸುತ್ತದೆ. ದೊಡ್ಡವರಿಗೂ ಈ ತಾಪತ್ರಯ ತಪ್ಪಿದ್ದಲ್ಲ. 1990ರಲ್ಲಿ ಮೇಲೆ ಹೋದ ಹಬಲ್‌ನ ಸರದಿ ನೋಡಿಕೊಳ್ಳಲು ಸ್ಪೈಕ್ ಎಂಬ ತಂತ್ರಾಂಶವನ್ನೇ ಕಟ್ಟಿದ್ದರು. ಹಬಲ್‌ಗೆ ಪಕ್ಕದ ಮನೆಯ ತೆಂಗಿನ ಮರ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲು ನಮ್ಮ ದಿಗಂತವನ್ನು ಶೆಡ್ಯೂಲರಿಗೆ ಬರೆದುಕೊಡಬೇಕು. ಯಾವ ದಿಕ್ಕಿನಲ್ಲಿ ಎಷ್ಟು ಡಿಗ್ರಿವರೆಗೆ ಏನು ಅಡ್ಡ ಇದೆ ಎಂಬ ಅಂಕಿಗಳ ಕಡತ ಅದು. ಫೋನು ಹಿಡಿದು ತಾರಸಿಯಲ್ಲಿ ಪ್ರದಕ್ಷಿಣೆ ಬಂದು ನೀರಿನ ಟ್ಯಾಂಕು, ಮೊಬೈಲ್ ಟವರು, ಎದುರುಮನೆಯ ಮೂರನೇ ಅಂತಸ್ತು ಎಲ್ಲವನ್ನೂ ಅಳೆದೆ. ಅವೆಲ್ಲ ಇದ್ದಲ್ಲೇ ಇದ್ದವು. ತೆಂಗಿನ ಮರ ಮಾತ್ರ ಗಾಳಿ ಬಂದಾಗಲೆಲ್ಲ ತನ್ನ ಡಿಗ್ರಿ ಬದಲಿಸುತ್ತಿತ್ತು. ಆ ಮನೆಯ ಯಜಮಾನರನ್ನು ವಿನಯದಿಂದ ಕೇಳಿದೆ: "ಸಾರ್, ಈ ಸಲ ಕಾಯಿ ಯಾವಾಗ ಕೀಳಿಸ್ತೀರಿ? ಗರಿ ಸ್ವಲ್ಪ ಸವರಿಸಿದ್ರೆ ಚೆನ್ನಾಗಿತ್ತು." ಅವರು ನಕ್ಕು ಒಳಗೆ ಹೋದರು. ಸಂಜೆ ಅವರ ಮನೆಯಿಂದ ಒಂದು ಚೀಲ ತೆಂಗಿನಕಾಯಿ ಬಂತು. ಗರಿ ಇದ್ದಲ್ಲೇ ಇದೆ. ಮನೆಯಲ್ಲಿ ಮಾತ್ರ ನನ್ನ ಹವ್ಯಾಸದಿಂದ ಬಂದ ಮೊದಲ ಆದಾಯ ಎಂದು ಕಾಯೊಬ್ಬಟ್ಟು ಮಾಡಿದರು.

ಇನ್ನು ಶೆಡ್ಯೂಲರಿನ ನಿಯಮಗಳು. ಬೇಗ ಮುಳುಗುವವರಿಗೆ ಆದ್ಯತೆ, ಮುಗಿಯುತ್ತ ಬಂದ ಕೆಲಸಕ್ಕೆ ಆದ್ಯತೆ. ಒಂದೊಂದಕ್ಕೂ ಸೊನ್ನೆಯಿಂದ ನೂರರವರೆಗೆ ನಾವೇ ತೂಕ ಕೊಡಬೇಕು. ಒಂದು ಗುರಿ ಬಿಟ್ಟು ಇನ್ನೊಂದಕ್ಕೆ ಜಿಗಿದರೆ ದಂಡ ಹಾಕುವ ನಿಯಮವೂ ಇದೆ: ಟಾರ್ಗೆಟ್ ಸ್ವಿಚ್ ಪೆನಾಲ್ಟಿ. ಇಡೀ ತಂತ್ರಾಂಶದಲ್ಲಿ ನನ್ನ ಹೆಂಡತಿಗೆ ಹಿಡಿಸಿದ್ದು ಇದೊಂದೇ. "ಇದು ಟೆಲಿಸ್ಕೋಪಿಗೆ ಮಾತ್ರಾನಾ, ಅಥವಾ ಮನುಷ್ಯರಿಗೂ ಹಾಕಬಹುದಾ?" ಎಂದು ಕೇಳುವಾಗ ಅವಳ ದೃಷ್ಟಿ ಅಟ್ಟದ ಮೇಲಿದ್ದ ಗಿಟಾರು ಮತ್ತು ಮೀನಿಲ್ಲದ ಮೀನಿನ ತೊಟ್ಟಿಯ ಮೇಲಿತ್ತು.

ಚಂದ್ರನ ಲೆಕ್ಕ ಬೇರೆ. ಹುಣ್ಣಿಮೆಯ ದಿನ ಚಂದ್ರನಿಂದ ಬಹುದೂರ ಇರಬೇಕು. ಹುಣ್ಣಿಮೆ ಕಳೆದಷ್ಟೂ ಹತ್ತಿರ ಹೋಗಬಹುದು. 656.3 ನ್ಯಾನೊಮೀಟರಿನ ಹೈಡ್ರೋಜನ್ ಕೆಂಪನ್ನಷ್ಟೇ ಒಳಬಿಡುವ ಫಿಲ್ಟರಾದರೆ ರಿಯಾಯಿತಿ ಇನ್ನೂ ಜಾಸ್ತಿ. ಅಮ್ಮ ಒಂದು ರಾತ್ರಿ ಮೆಟ್ಟಿಲ ಕೆಳಗಿನಿಂದಲೇ ವಿಚಾರಿಸಿದಳು.

"ಇವತ್ತು ತ್ರಯೋದಶಿ ಕಣೋ. ನಿನ್ನ ಮಿಷನ್ನಿಗೆ ರಜಾನಾ?"

"ಇಲ್ಲಮ್ಮ, ಕೆಂಪು ಫಿಲ್ಟರ್ ಹಾಕ್ಕೊಂಡು ಚಂದ್ರನಿಗೆ ಬೆನ್ನು ಮಾಡಿ ನಿಂತಿದೆ."

"ಅಷ್ಟು ಹೇಳೋಕೆ ಕಂಪ್ಯೂಟರ್ ಬೇಕಿತ್ತೇನೋ? ದೇವರ ಮನೇಲಿ ಒಂಟಿಕೊಪ್ಪಲ್ ಪಂಚಾಂಗ ಇತ್ತಲ್ಲ."

ಶೆಡ್ಯೂಲರ್ ಬಂದ ಮೇಲೆ ನಿದ್ದೆ ಮಾಡಬಹುದು ಎಂದು ಎಲ್ಲರೂ ಹೇಳಿದ್ದರು. ಮೊದಲು ಯಾವುದನ್ನು ತೆಗೆಯಲಿ ಎಂದು ಎದ್ದಿರುತ್ತಿದ್ದೆ. ಈಗ ಅದು ಯಾಕೆ ಇದನ್ನು ಆರಿಸಿತು ಎಂದು ಎದ್ದಿರುತ್ತೇನೆ. ಅದರ ಬಳಿ ಉತ್ತರ ಇದೆ, ಪ್ರತಿ ಗುರಿಗೂ ಕೊಟ್ಟ ಅಂಕವನ್ನು ಬರೆದಿಟ್ಟಿರುತ್ತದೆ. ನನ್ನ ಬಳಿ ಪ್ರತ್ಯುತ್ತರ ಇಲ್ಲ. ಅಂಕಕ್ಕೆ ತೂಕ ಕೊಟ್ಟವನು ನಾನೇ ತಾನೆ.

ಜಗಳ ಜೋರಾದದ್ದು ಒಮೆಗಾ ಸೆಂಟಾರಿಯ ವಿಷಯಕ್ಕೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಳಗುಚ್ಛ ಅದು. 1603ರಲ್ಲಿ ನಕ್ಷತ್ರಪಟ ಮಾಡಿದ ಬೇಯರ್ ಅದನ್ನು ಬರೀ ನಕ್ಷತ್ರವೆಂದು ತಿಳಿದು ಒಮೆಗಾ ಎಂಬ ಅಕ್ಷರ ಕೊಟ್ಟ. ಲಂಡನ್ನಿನವರಿಗೆ ದಿಗಂತದ ಮೇಲಕ್ಕೇ ಬರುವುದಿಲ್ಲವಾದ್ದರಿಂದ, ಅದು ನಕ್ಷತ್ರವಲ್ಲ ಎಂದು ಗುರುತಿಸಲು 1677ರಲ್ಲಿ ಹ್ಯಾಲಿ ಸೇಂಟ್ ಹೆಲೀನಾ ದ್ವೀಪದಲ್ಲಿ ಇರಬೇಕಾಯಿತು. ನನಗೆ ತಾರಸಿಯ ಮೆಟ್ಟಿಲು ಸಾಕು. ಫೆಬ್ರವರಿಯಲ್ಲಿ ನಸುಕಿನ ನಾಲ್ಕರ ಸುಮಾರಿಗೆ ಅದು ದಕ್ಷಿಣದಲ್ಲಿ ತನ್ನ ಅತಿ ಎತ್ತರಕ್ಕೆ ಬಂದಿರುತ್ತದೆ. ಆದರೆ 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಆ ಎತ್ತರ ಎಂದರೆ 29 ಡಿಗ್ರಿ ಚಿಲ್ಲರೆ. ಕೆಳಗಿನ ಗಾಳಿ ದಪ್ಪ, ನಕ್ಷತ್ರಗಳು ಊದಿಕೊಳ್ಳುತ್ತವೆ ಎಂದು ನಾನು ಇಟ್ಟಿರುವ ಕನಿಷ್ಠ ಎತ್ತರ 30. ಅರ್ಧ ಡಿಗ್ರಿಯಲ್ಲಿ ಫೇಲು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಗ್ರೇಸ್ ಮಾರ್ಕ್ಸ್ ಪಡೆದು ದಾಟಿದ ನಾನು ಇದನ್ನು ನೋಡುತ್ತ ಸುಮ್ಮನಿರಲು ಸಾಧ್ಯವೇ? ಒಮೆಗಾ ಒಂದಕ್ಕೇ ಪ್ರತ್ಯೇಕ ಪ್ರಾಜೆಕ್ಟು ಮಾಡಿ ಮಿತಿಯನ್ನು 25ಕ್ಕೆ ಇಳಿಸಿ, ಆದ್ಯತೆ 'ಹೈ' ಎಂದು ಒತ್ತಿದೆ.

ಅದು ಮರುಮಾತಿಲ್ಲದೆ ತೆಗೆಯಿತು. ಆದರೆ ಶೆಡ್ಯೂಲರಿನೊಳಗೆ ಗ್ರೇಡರ್ ಎಂಬ ಇನ್ನೊಬ್ಬ ಮೇಷ್ಟ್ರು ಕೂತಿರುತ್ತಾನೆ. ಬಂದ ಪ್ರತಿ ಚಿತ್ರದಲ್ಲೂ ನಕ್ಷತ್ರ ಎಷ್ಟು ಊದಿದೆ, ಎಷ್ಟು ಎಣಿಕೆಗೆ ಸಿಗುತ್ತದೆ ಎಂದು ನೋಡಿ ಪಾಸು, ಫೇಲು ಬರೆಯುವುದು ಅವನ ಕೆಲಸ. ಬೆಳಿಗ್ಗೆ ನೋಡಿದರೆ ಕೊನೆಯ ಸಾಲಿನ ಚಿತ್ರಗಳೆಲ್ಲ ರಿಜೆಕ್ಟ್, ಇನ್ನೊಮ್ಮೆ ತೆಗೆಯಬೇಕು ಎಂದು ಪಟ್ಟಿಯಲ್ಲಿ ಬಾಕಿ ತೋರಿಸುತ್ತಿತ್ತು. ತೆಗೆಯಲಿ, ಬೇಡ ಅನ್ನಲಿಲ್ಲ. ಫೇಲಾದವನ್ನು ಮಾತ್ರ ಅಳಿಸದೆ ಬೇರೆ ಫೋಲ್ಡರಿಗೆ ಹಾಕಿಟ್ಟಿದ್ದೇನೆ. ಫೋಲ್ಡರಿನ ಹೆಸರು 'ಮರುಮೌಲ್ಯಮಾಪನ'.