ಯೂನಿಟ್ಟು ಲೆಕ್ಕದ ಜಮೀನ್ದಾರ

ಬೆಂಗಳೂರಿನ ನಾಗವಾರದ ಕಡೆ ಸೈಟು ಅಗ್ಗಕ್ಕೆ ಸಿಗುತ್ತಿದ್ದ ಕಾಲದಲ್ಲಿ "ಆ ಕಾಡಿಗೆ ಯಾರ್ರೀ ಹೋಗ್ತಾರೆ" ಎಂದು ದಲ್ಲಾಳಿಗೆ ಕಾಫಿ ಕುಡಿಸಿ ಕಳಿಸಿದ ಬುದ್ಧಿವಂತರಲ್ಲಿ ನಾನೂ ಒಬ್ಬ. ಆ ಕಾಡಿನಲ್ಲೇ ಮಾನ್ಯತಾ ಟೆಕ್ ಪಾರ್ಕ್ ಎದ್ದಿತು. 2019ರ ಏಪ್ರಿಲ್‌ನಲ್ಲಿ ಅದರ ಒಡೆತನವುಳ್ಳ ಎಂಬೆಸಿ ಆಫೀಸ್ ಪಾರ್ಕ್ಸ್ ದೇಶದ ಮೊದಲ ರೀಟ್ ಆಗಿ ಷೇರುಪೇಟೆಗೂ ಬಂತು, ಯೂನಿಟ್ಟಿಗೆ 300 ರೂಪಾಯಿಯಂತೆ. ಆಗ ಅರ್ಜಿ ಹಾಕಲು ಎರಡು ಲಕ್ಷಕ್ಕೂ ಮೇಲೆ ಬೇಕಿತ್ತು. ನಾನು ಎರಡನೇ ಸಲವೂ ಕಾಫಿ ಕುಡಿದು ಸುಮ್ಮನಾದೆ. 2021ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ನಿಯಮ ಸಡಿಲಿಸಿ, ಪೇಟೆಯಲ್ಲಿ ಒಂದೊಂದೇ ಯೂನಿಟ್ಟನ್ನೂ ಕೊಳ್ಳಬಹುದು ಎಂದಿತು. ನನ್ನಂಥವರಿಗೂ ಜಮೀನ್ದಾರಿಕೆ ದಕ್ಕಿತು.

ಯಾವ ರೀಟ್ ಕೊಂಡೆ ಎಂದು ಹೇಳುವುದಿಲ್ಲ. ಅವರ ಮಾನವೂ ಉಳಿಯಲಿ.

ರೀಟ್ ಎಂದರೆ ಊರವರ ದುಡ್ಡು ಸೇರಿಸಿ ಕಚೇರಿ, ಮಾಲ್ ಕಟ್ಟಡಗಳನ್ನು ಇಟ್ಟುಕೊಂಡು ಬಾಡಿಗೆ ಹಂಚುವ ಟ್ರಸ್ಟು. ಆಸ್ತಿಯಲ್ಲಿ ಶೇ. 80 ಪಾಲು ಕಟ್ಟಿ ಮುಗಿದು ವರಮಾನ ತರುತ್ತಿರಬೇಕು, ಹಂಚಬಹುದಾದ ನಗದಿನಲ್ಲಿ ಶೇ. 90 ಹಂಚಲೇಬೇಕು ಎಂಬುದು 2014ರ ಸೆಬಿ ನಿಯಮ. ಅಮೆರಿಕದಲ್ಲಿ 1960ರಲ್ಲಿ ಸಿಗಾರ್ ತೆರಿಗೆಯ ಕಾಯ್ದೆಯೊಂದಕ್ಕೆ ಬಾಲದಂತೆ ಅಂಟಿಕೊಂಡು ಈ ಪದ್ಧತಿ ಹುಟ್ಟಿತು ಎಂದು ಓದಿ ಹೆಂಡತಿಗೆ ಹೇಳಿದೆ. "ನಿಮ್ಮಪ್ಪನ ದುಡ್ಡೂ ಅರ್ಧ ಸಿಗರೇಟಿಗೇ ಹೋಗಿದ್ದು" ಎಂದಳು.

ಕೊಂಡ ಮೇಲೆ ಲಾಭ ಅಳೆಯುವ ಚಪಲ ಹತ್ತಿತು. (ಕೊಳ್ಳುವ ಮೊದಲು ಅಳೆಯುವುದು ನಮ್ಮ ವಂಶದಲ್ಲಿಲ್ಲ.) ಮೊಬೈಲಿನಲ್ಲಿ ಪಿ.ಇ. ಅನುಪಾತ, ಅಂದರೆ ಬೆಲೆ ಲಾಭದ ಎಷ್ಟು ಪಟ್ಟು ಎಂಬ ಅಂಕಿ, ನೋಡಿದೆ, ನಮ್ಮ ಡಾಕ್ಟರು ಸಕ್ಕರೆ ಪರೀಕ್ಷೆಯಲ್ಲಿ ಇಂಥ ಅಂಕಿ ಕಂಡಿದ್ದರೆ ಆಸ್ಪತ್ರೆಗೆ ಸೇರಿಸುತ್ತಿದ್ದರು. ಕೋಟಿಗಟ್ಟಲೆ ಬಾಡಿಗೆ ಬಂದರೂ ನಿವ್ವಳ ಲಾಭ ಚಿಟಿಕೆಯಷ್ಟು. ಕಳ್ಳತನವೇ ಸರಿ ಎಂದು ರಾತ್ರಿಯೆಲ್ಲ ಹೊರಳಾಡಿ, ಬೆಳಗ್ಗೆ ಆಡಿಟರಿಗೆ ಫೋನು ಮಾಡಿದೆ.

"ಸವಕಳಿ ಕಳೆದಿದ್ದಾರೆ ಸ್ವಾಮಿ. ಕೈಯಿಂದ ಹೋದ ದುಡ್ಡಲ್ಲ ಅದು. ರೀಟ್‌ನಲ್ಲಿ ನಿವ್ವಳ ಲಾಭ ನೋಡ್ಬೇಡಿ, ಹಂಚೋಕೆ ಎಷ್ಟು ನಗದು ಉಳೀತು ನೋಡಿ."

ನೋಡಿದೆ. ಒಂದೇ ಕಟ್ಟಡ ಲೆಕ್ಕಪುಸ್ತಕದಲ್ಲಿ ವರ್ಷವರ್ಷ ಸವೆಯುತ್ತದೆ, ಮೌಲ್ಯಮಾಪಕರ ವರದಿಯಲ್ಲಿ ಕೊಬ್ಬುತ್ತದೆ. ಎರಡೂ ಕಾನೂನುಬದ್ಧ. ನನ್ನ ಖಾತೆಗೆ ಬಂದ ಹಂಚಿಕೆಯಲ್ಲಂತೂ ಮೂರು ತುಂಡು: ಬಡ್ಡಿ, ಡಿವಿಡೆಂಡು, 'ಸಾಲ ಮರುಪಾವತಿ'. ಮೂರನೆಯದಕ್ಕೆ ಆ ವರ್ಷ ತೆರಿಗೆಯಿಲ್ಲ ಎಂದು ತಿಳಿದು, ಆಡಿಟರ ಮುಂದೆಯೇ ಮೀಸೆ ತಿರುವಿದೆ.

"ಅದು ಲಾಭ ಅಂದ್ಕೊಂಡ್ರಾ? ಕಟ್ಟಡದ ಕಂಪನಿಗೆ ಟ್ರಸ್ಟು ಕೊಟ್ಟ ಸಾಲ ವಾಪಸ್ ಬಂದಿದ್ದು. ನಿಮ್ಮ ಗಂಟೇ ನಿಮಗೆ ಬಂತು. ಕೊಂಡ ಬೆಲೆಯಲ್ಲಿ ಅಷ್ಟನ್ನ ಕಳೀರಿ. ಮಾರಿದ ದಿನ ತೆರಿಗೆ ಬಾಗಿಲಲ್ಲೇ ನಿಂತಿರತ್ತೆ."

ನನ್ನ ಗಂಟಿನಲ್ಲೇ ನಾನು ಮೂರು ಮನೆಗೆ ಮೈಸೂರುಪಾಕು ಹಂಚಿದ್ದೆ.

ಕಾಗದದ ಸಹವಾಸ ಸಾಕು, ಕಣ್ಣಾರೆ ನೋಡಿಬರೋಣ ಎಂದು ಸಂಜೆ ಸ್ಕೂಟರ್ ಹತ್ತಿ 'ನಮ್ಮ' ಟೆಕ್ ಪಾರ್ಕಿಗೆ ಹೊರಟೆ. ದೀಪ ಉರಿಯುವ ಕಿಟಕಿ ಭರ್ತಿ, ಕತ್ತಲಿದ್ದದ್ದು ಖಾಲಿ. ಇದು ನನ್ನ ಸಂಶೋಧನಾ ವಿಧಾನ. ಕತ್ತೆತ್ತಿ ಎಣಿಸುತ್ತಿದ್ದವನ ಹತ್ತಿರ ಸೆಕ್ಯುರಿಟಿಯವನು ಬಂದ.

"ಯಾರು ಬೇಕು ಸಾರ್?"

"ಯಾರೂ ಬೇಡಪ್ಪ. ನಾನು ಇದರ ಮಾಲೀಕ."

ಅವನು ನನ್ನನ್ನೂ ಸ್ಕೂಟರನ್ನೂ ಒಟ್ಟಿಗೆ ನೋಡಿದ. "ಐಡಿ ಕಾರ್ಡ್ ತೋರಿಸಿ." ಡಿಮ್ಯಾಟ್ ಖಾತೆ ತೆರೆದು ಮೊಬೈಲ್ ಚಾಚಿದೆ. ಪರದೆಯತ್ತ ಅರೆಗಣ್ಣು ಹಾಯಿಸಿ, "ಡೆಲಿವರಿ ಎಲ್ಲ ಎರಡನೇ ಗೇಟು" ಎಂದ.

ಅಂತೂ ಕಾಲುಭಾಗ ಕಟ್ಟಡ ಖಾಲಿ ಎಂಬ ತೀರ್ಮಾನದೊಂದಿಗೆ ಮರಳಿದೆ. ಟ್ರಸ್ಟಿನ ವರದಿ ಮಾತ್ರ ಬಹುತೇಕ ಭರ್ತಿ ಎನ್ನುತ್ತಿತ್ತು. ಇದನ್ನು ಬಿಡಿಸಿದವನು ನಮ್ಮ ಮಹಡಿಮನೆಯ ಬಾಡಿಗೆ ಹುಡುಗ. ಹುಬ್ಬಳ್ಳಿಯವನು, ಅಂಥದೇ ಕಚೇರಿಯೊಂದರಲ್ಲಿ ಕೆಲಸ.

"ಅಂಕಲ್, ದೀಪ ಎಣಿಸಿದ್ರ ಏನ್ ತಿಳೀತದ್ರಿ? ನಮ್ಮ ಫ್ಲೋರ್‌ನ್ಯಾಗ ಅರ್ಧ ಮಂದಿ ಮನ್ಯಾಗಿಂದನ ಕೆಲಸ ಮಾಡ್ತಾರ. ಕರಾರು ಇರೂತನಕ ಕಂಪನಿ ಬಾಡಿಗಿ ಕೊಡ್ತೈತಿ. ಯಾರ್ ಕುಂತಾರ ಅಂತ ಕೇಳಬ್ಯಾಡ್ರಿ, ಕರಾರು ಯಾವಾಗ ಮುಗೀತದ ಅಂತ ಕೇಳ್ರಿ."

ಮಾತಿಗೆ ತೂಕವಿತ್ತು. ಬಾಡಿಗೆದಾರರ ಕರಾರು ಸರಾಸರಿ ಇನ್ನೆಷ್ಟು ವರ್ಷ ಉಳಿದಿದೆ, ಒಂದೇ ಕಂಪನಿಯ ಮೇಲೆ ಎಷ್ಟು ಬಾಡಿಗೆ ನಿಂತಿದೆ, ಟ್ರಸ್ಟಿನ ಸಾಲವೆಷ್ಟು (ಆಸ್ತಿ ಮೌಲ್ಯದ ಶೇ. 49 ದಾಟುವಂತಿಲ್ಲ) ಎಂಬುದೆಲ್ಲ ವರದಿಯಲ್ಲೇ ಅಚ್ಚಾಗಿತ್ತು. ಅದನ್ನು ಓದದೆ ನಾನು ಗೇಟಿನಲ್ಲಿ ಕಿಟಕಿ ಎಣಿಸುತ್ತಿದ್ದೆ. ಓದುತ್ತ ಹೋದಂತೆ ಒಂದು ಸಾಲು ಕಣ್ಣಿಗೆ ಹಬ್ಬವಾಯಿತು: ಕಚೇರಿ ಕರಾರುಗಳಲ್ಲಿ ಮೂರು ವರ್ಷಕ್ಕೊಮ್ಮೆ ಶೇ. 15ರಷ್ಟು ಬಾಡಿಗೆ ಏರಿಸುವುದು ಮಾಮೂಲು. ಹುಬ್ಬಳ್ಳಿಯವನು ಬಂದು ಮೂರು ವರ್ಷವಾಗಿತ್ತು!

ಭಾನುವಾರ ಕರೆದು ವಿಷಯ ತೆಗೆದೆ. ಅವನು ಬೆದರಲಿಲ್ಲ, ಪೆನ್ನು ಕೇಳಿದ.

"ಮ್ಯಾಲಿನ ಮನಿ ಮಾರಿದ್ರ ಎಷ್ಟು ಬರ್ತದ್ರಿ?"

"ಒಂದು ಕೋಟಿಗೆ ಕಮ್ಮಿಯಿಲ್ಲ" ಎಂದೆ, ಕೊಳ್ಳುವವನೇ ಎದುರಿಗೆ ಕೂತ ಹಾಗೆ.

"ನಾ ಬಂದ ವರ್ಷದ್ದ ಲೆಕ್ಕ ಹಿಡೀರಿ. ಬಾಡಿಗಿ ತಿಂಗಳಿಗೆ 20,000, ವರ್ಷಕ್ಕ 2,40,000. ನಾ ಬರೂಕಿಂತ ಮೊದಲು ಒಂದು ತಿಂಗಳು ಖಾಲಿ ಇತ್ತಲ್ರಿ, 20,000 ತಗೀರಿ. ಬಣ್ಣಕ್ಕ 25,000. ಕಂದಾಯ 8,000. ಮೋಟರ್ ಸುಟ್ಟಿದ್ದು, ಸಂಪ್ ತೊಳಿಸಿದ್ದು, ಬ್ಯಾಸಿಗ್ಯಾಗ ಟ್ಯಾಂಕರ್, ಎಲ್ಲಾ ಸೇರಿ 27,000. ಉಳೀತು 1,60,000." ಕೆಳಗೊಂದು ಗೆರೆ ಎಳೆದ. "ಕೋಟಿಗೆ ಶೇಕಡಾ 1.6. ಎಫ್‌ಡಿನೂ ಇದಕ್ಕಿಂತ ಹೆಚ್ಚು ಕೊಡ್ತೈತ್ರಿ ಅಂಕಲ್. ಭರ್ತಿ ನೂರಕ್ಕ ನೂರು, ಆದ್ರ ಬಾಡಿಗಿದಾರ ಒಬ್ಬನ. ನಾ ಹೋದ್ರ ಸೊನ್ನೆ."

ಎರಡು ಸಾವಿರ ರೂಪಾಯಿಯ ಯೂನಿಟ್ಟುಗಳ ವರದಿಗೆ ತಲೆ ಕೆಡಿಸಿಕೊಂಡವನು, ಕೋಟಿಯ ಮನೆಯ ಲೆಕ್ಕವನ್ನು ಇಷ್ಟು ವರ್ಷದಲ್ಲಿ ಕ್ಯಾಲೆಂಡರಿನ ಹಿಂದೆ ಕೂಡ ಬರೆದಿರಲಿಲ್ಲ. ಮನೆ ಬೆಲೆ ಏರುತ್ತಲೇ ಇದೆಯಲ್ಲ ಎಂದು ವಾದಿಸಿದೆ. "ರೀಟ್‌ನವ್ರು ಬೆಲೆ ಏನಾತು ಅಂತ ವರ್ಷಕ್ಕ ಎರಡು ಸಲ ಹೊರಗಿನವರ ಕಡಿಂದ ಕಟ್ಟಿಸ್ತಾರ್ರಿ. ನಿಮ್ಮ ಕೋಟಿ ಕಟ್ಟಿದವರು ಯಾರ್ರಿ?"

ಪಕ್ಕದ ಮನೆಯವರು, ವಾಕಿಂಗಿನಲ್ಲಿ. ಅದನ್ನು ಹೇಳಲಿಲ್ಲ.

"ಅದೆಲ್ಲ ಇರಲಿ, ಶೇ. 15ರ ಮಾತೇನು?" ಎಂದು ಗಂಟಲು ಸರಿಮಾಡಿಕೊಂಡೆ.

"ಕೊಡೋಣಂತ್ರಿ. ಆದ್ರ ದೊಡ್ಡ ಕಂಪನಿಯವರಿಗೆ ಹೊಸ ಕರಾರು ಮಾಡೂ ಮುಂದ, ಒಳಗಿನ ಕೆಲಸ ಮಾಡ್ಸಿಕೊಳ್ಳಾಕ ಒಂದೆರಡು ತಿಂಗಳು ಬಾಡಿಗಿ ಬಿಡ್ತಾರ. ನನಗೂ ಬಿಡ್ರಿ. ಮಂಚ ತಗೋಬೇಕಾಗೈತಿ."

ನಾನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯಿಂದ ದನಿ ಬಂತು: "ಅಟ್ಟದ ಮೇಲೆ ಹಳೇ ಮಂಚ ಇದೆ, ಇಳಿಸ್ಕೋಪ್ಪ. ಬಾಡಿಗೆ ಮಾತ್ರ ಐದನೇ ತಾರೀಕು, ಅಷ್ಟೇ ಇರ್ಲಿ."

"ಆತ್ರಿ ಆಂಟಿ" ಎಂದು ಎದ್ದವನು ಬಾಗಿಲಲ್ಲಿ ನಿಂತು ತಿರುಗಿದ. "ಅಂಕಲ್, ಮಂಚ ಇಳಸೂ ಕೂಲಿ ನಿಮ್ಮ ಮೇಂಟೆನೆನ್ಸ್ ಖಾತೆಗೆ ಹಾಕ್ರಿ ಮತ್ತ."