ನಿಂತಲ್ಲೇ ಕುಡಿಯುವ ಕಾರು

ಹೊಸ ಕಾರಿನ ಬ್ಯಾಟರಿ ಮೇಲಿಂದ ಮೇಲೆ ಡೌನ್ ಆಗುತ್ತಿದೆಯೆ? ತಪ್ಪು ಯಾರದೆಂದು ಸರ್ವೀಸ್ ಸೆಂಟರಿನಲ್ಲಿ ಕೇಳಿ ನೋಡಿ. ನಿಮ್ಮದೇ.

ನೀವು ಗಾಡಿ ಕಮ್ಮಿ ಓಡಿಸಿದ್ದೀರಿ. ಓಡಿಸಿದ್ದರೂ ದೂರ ಓಡಿಸಿಲ್ಲ. ದೂರ ಓಡಿಸಿದ್ದರೂ ಟ್ರಾಫಿಕ್ಕಿನಲ್ಲಿ ಓಡಿಸಿದ್ದೀರಿ. ಕೀಯನ್ನು ಕಾರಿಗೆ ಹತ್ತಿರ ಇಟ್ಟಿದ್ದೀರಿ. ಡೋರು ಸುಮ್ಮಸುಮ್ಮನೆ ತೆಗೆದಿದ್ದೀರಿ. ಇಂಜಿನ್ ಆಫ್ ಮಾಡಿ ಹಾಡು ಕೇಳಿದ್ದೀರಿ. ಒಟ್ಟಿನಲ್ಲಿ ಕಾರನ್ನು ಬಳಸಿದ್ದೀರಿ. ಇದಕ್ಕಿಂತ ದೊಡ್ಡ ಅಪರಾಧ ಬೇಕೆ?

ಕಾರು ಮಾತ್ರ ಶುದ್ಧ ನಿರಪರಾಧಿ. ಹಾಗೆಂದು ಅವರ ಸ್ಕ್ಯಾನರೇ ತೀರ್ಪು ಕೊಟ್ಟಿದೆ. "ಚೆಕ್ ಮಾಡಿದ್ವಿ ಸಾರ್, ಯಾವ ಎರರ್ರೂ ಬರ್ತಿಲ್ಲ." ಎರರ್ ಬರುತ್ತಿಲ್ಲ, ನಿಜ. ಕಾರೂ ಬರಲಿಲ್ಲ. ಅದಕ್ಕೇ ಟೋ ಮಾಡಿಸಿಕೊಂಡು ತಂದದ್ದು.

ಸ್ವಲ್ಪ ಲೆಕ್ಕ ಹಾಕೋಣ. ಲೆಕ್ಕ ಅಂದರೆ ಸರ್ವೀಸ್ ಅಡ್ವೈಸರಿಗೆ ಇರುಸುಮುರುಸು. ಆಗಲಿ.

12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಮೀಟರು ತೋರಿಸಬೇಕಾದದ್ದು ಸುಮಾರು 12.6 ವೋಲ್ಟ್. 12.2ಕ್ಕೆ ಇಳಿದರೆ ಅರ್ಧ ಖಾಲಿ. 11.8ಕ್ಕೆ ಬಂದರೆ ಕತೆ ಮುಗಿಯಿತು. ಲಾಕ್ ಮಾಡಿ ನಿಲ್ಲಿಸಿದ ಕಾರೂ ಒಂದಿಷ್ಟು ಕರೆಂಟು ಎಳೆಯುತ್ತದೆ. ಗಡಿಯಾರ ಓಡಬೇಕು, ಅಲಾರಂ ಕಾಯಬೇಕು, ನಿಮ್ಮ ಕೀ ಬಂತೇ ಎಂದು ರಿಸೀವರ್ ಕಿವಿಗೊಟ್ಟಿರಬೇಕು. ಇದೆಲ್ಲ ಸೇರಿ 50 ಮಿಲಿಆಂಪಿಯರಿನೊಳಗೆ ಇದ್ದರೆ ಯಾರದ್ದೂ ತಕರಾರಿಲ್ಲ. ದಿನಕ್ಕೆ 1.2 ಆಂಪಿಯರ್ ಅವರ್ ಹೋಗುತ್ತದೆ. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಅರ್ಧಕ್ಕೆ ಇಳಿಯಲು ಎರಡು ವಾರ ಬೇಕು.

ಈಗ ಒಳಗಿನ ಯಾವುದೋ ಒಂದು ಮಾಡ್ಯೂಲ್ ಮಲಗಲಿಲ್ಲ ಅನ್ನಿ. ಅರ್ಧ ಆಂಪಿಯರ್ ಎಳೆಯುತ್ತ ಕೂತಿತು ಅನ್ನಿ. ದಿನಕ್ಕೆ 12 ಆಂಪಿಯರ್ ಅವರ್ ಮಾಯ. ಶುಕ್ರವಾರ ರಾತ್ರಿ ನಿಲ್ಲಿಸಿದ ಕಾರು ಸೋಮವಾರ ಬೆಳಗ್ಗೆ ಟಕ್ ಟಕ್ ಅನ್ನುತ್ತದೆ, ಅಷ್ಟೆ. ಇದನ್ನು ತಿಳಿಯಲು ಇಂಜಿನಿಯರಿಂಗ್ ಬೇಡ, ಮಗ್ಗಿ ಬಂದರೆ ಸಾಕು.

ಮಗ್ಗಿ ಬಂದವರನ್ನು ಕಂಡರೆ ಶೋರೂಮಿಗೆ ಆಗುವುದಿಲ್ಲ.

ಆ ಮಲಗದ ಮಾಡ್ಯೂಲ್ ಯಾವುದಿರಬಹುದು? ಒಂದು ಊಹೆ, ನೀವು ಹೆಚ್ಚಿಗೆ ದುಡ್ಡು ಕೊಟ್ಟು ಕೊಂಡದ್ದೇ. ಒಳಗೊಂದು ಸಿಮ್ಮು, ಒಂದು ಮೋಡೆಮ್ಮು, ಒಂದು ಜಿಪಿಎಸ್ಸು. ಫೋನಿನ ಆ್ಯಪಿನಲ್ಲೇ ಮನೆಯಲ್ಲಿ ಕೂತು ಎಸಿ ಹಾಕಿ, ಆಫೀಸಿನಲ್ಲಿ ಕೂತು ಲಾಕ್ ನೋಡಿ, ಮೈಸೂರಿನಲ್ಲಿ ಕೂತು ಬೆಂಗಳೂರಿನ ಕಾರನ್ನು ಹುಡುಕಿ ಎಂದು ಮಾರಿದರು. ಅದಕ್ಕಾಗಿ ಮೇಲಿನ ವೇರಿಯಂಟ್ ತೆಗೆಸಿದರು. ಬ್ಯಾಟರಿ ಸತ್ತು ಹೋದಾಗ ಅದೇ ಜನ ಕೊಡುವ ಮೊದಲ ಸಲಹೆ ಏನು ಗೊತ್ತೆ? "ಆ್ಯಪ್ ಜಾಸ್ತಿ ಓಪನ್ ಮಾಡ್ಬೇಡಿ ಸಾರ್."

ಫೀಚರ್ ಇದೆ. ಬಳಸಬಾರದು. ಬ್ರೋಷರಿನಲ್ಲಿ ಇರಲೆಂದು ಇಟ್ಟಿದ್ದಾರೆ.

ಆ್ಯಪ್ ಕೂಡ ಸುಮ್ಮನಿರುವುದಿಲ್ಲ. ನಡುರಾತ್ರಿ ಮೆಸೇಜು ಕಳಿಸುತ್ತದೆ: ನಿಮ್ಮ ವಾಹನದ ಬ್ಯಾಟರಿ ಕಡಿಮೆ ಇದೆ. ಬಹಳ ಉಪಕಾರವಾಯಿತು. ಆ ಮೆಸೇಜು ಕಳಿಸಲು ಎದ್ದು ಕೂತ ಮೋಡೆಮ್ಮು ಯಾವ ಬ್ಯಾಟರಿಯ ಕರೆಂಟು ತಿಂದಿತು ಸ್ವಾಮಿ?

ಸನ್‌ರೂಫ್ ಇದೆ. ಗೋಡೆಗಡಿಯಾರಕ್ಕಿಂತ ದೊಡ್ಡ ಸ್ಕ್ರೀನ್ ಇದೆ. ಬಾಗಿಲ ಸಂದಿಯಲ್ಲಿ ಬಣ್ಣ ಬದಲಿಸುವ ದೀಪ ಇದೆ. ಇವನ್ನೆಲ್ಲ ಸಾಕುವ ಬ್ಯಾಟರಿ ಮಾತ್ರ ಇವೇನೂ ಇಲ್ಲದ ಕಾಲದಷ್ಟೇ ಗಾತ್ರದ್ದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಇನ್ನು ವಾರಂಟಿ. ಡೆಲಿವರಿ ದಿನ ಕೇಕು ಕತ್ತರಿಸಿ, ರಟ್ಟಿನ ದೊಡ್ಡ ಕೀ ಕೈಗಿಟ್ಟು ಫೋಟೋ ಹೊಡೆದವರೇ ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ತಲೆಗೆ ಕಟ್ಟಿದ್ದರು. "ಫುಲ್ ಪೀಸ್ ಆಫ್ ಮೈಂಡ್ ಸಾರ್" ಎಂದಿದ್ದರು. ಈಗ ಪುಸ್ತಕ ತೆಗೆದು ಸಣ್ಣಕ್ಷರ ತೋರಿಸುತ್ತಾರೆ. ಬ್ಯಾಟರಿ ನಮ್ಮದಲ್ಲ, ಬ್ಯಾಟರಿ ಕಂಪನಿಯದ್ದು, ಅವರ ವಾರಂಟಿ ಬೇರೆ.

ಬ್ಯಾಟರಿಯವನು ಟೆಸ್ಟರ್ ಹಚ್ಚುತ್ತಾನೆ. ಚೀಟಿ ಬರುತ್ತದೆ: ಬ್ಯಾಟರಿ ಚೆನ್ನಾಗಿದೆ, ಚಾರ್ಜ್ ಮಾಡಿ. "ನಮ್ಮ ಮಾಲು ಸರಿಯಿದೆ ಸಾರ್, ನಿಮ್ಮ ಗಾಡಿ ಕುಡೀತಿದೆ" ಅನ್ನುತ್ತಾನೆ. ಗಾಡಿಯವನು "ಗಾಡಿ ಸರಿಯಿದೆ ಸಾರ್, ಬ್ಯಾಟರಿ ತಡೀತಿಲ್ಲ" ಅನ್ನುತ್ತಾನೆ. ಇಬ್ಬರ ಮಾತನ್ನೂ ನಂಬಿದರೆ ಲೋಕದಲ್ಲಿ ಕೆಟ್ಟಿರುವ ವಸ್ತು ಒಂದೇ, ಗಿರಾಕಿ.

ಹೊರಗಡೆ ಏನಾದರೂ ಫಿಟ್ಟಿಂಗ್ ಮಾಡಿಸಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಅಡ್ವೈಸರನ ಕಣ್ಣಲ್ಲಿ ಹೊಳಪಿರುತ್ತದೆ. ಹೌದು ಎಂದರೆ ಕೇಸು ಅಲ್ಲಿಗೇ ವಜಾ. ಮಾಡಿಸಿದ್ದೇವೆ, ಡ್ಯಾಷ್‌ಕ್ಯಾಮ್. ಎಲ್ಲಿ? ನಿಮ್ಮಲ್ಲೇ. ಆಕ್ಸೆಸರಿ ಪ್ಯಾಕ್ ತಗೊಂಡರೆ ಗಾಡಿ ಬೇಗ ಸಿಗುತ್ತದೆ ಎಂದು ನೀವೇ ತಗುಲಿಸಿ ಬಿಲ್ ಹಾಕಿದ್ದು. ಕಣ್ಣಿನ ಹೊಳಪು ಆರುತ್ತದೆ. ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಹೊಸ ಕಾರು ಎಂದರೆ ಹೊಸ ಬ್ಯಾಟರಿ ಎಂದುಕೊಂಡಿದ್ದೀರಾ? 2024ರ ಹಬ್ಬದ ಸೀಸನ್ನಿನ ಹೊತ್ತಿಗೆ ದೇಶದ ಡೀಲರುಗಳ ಬಳಿ 80 ದಿನಕ್ಕೂ ಹೆಚ್ಚಿನ ಮಾರಾಟಕ್ಕೆ ಸಾಲುವಷ್ಟು ಕಾರು ಕೊಳೆಯುತ್ತಿತ್ತು ಎಂದು ಡೀಲರುಗಳ ಒಕ್ಕೂಟ ಫಾಡಾವೇ ಗೋಳಾಡಿತ್ತು. ಅಷ್ಟು ದಿನ ಬಿಸಿಲಲ್ಲಿ ಯಾರ್ಡಿನಲ್ಲಿ ನಿಂತ ಕಾರು ಸುಮ್ಮನೆ ನಿಂತಿರಲಿಲ್ಲ, ಕುಡಿಯುತ್ತ ನಿಂತಿತ್ತು. ಲೆಡ್ ಆಸಿಡ್ ಬ್ಯಾಟರಿ ಖಾಲಿ ಬಿದ್ದಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಕೂತದ್ದು ಪೂರ್ತಿ ಬಿಡುವುದಿಲ್ಲ. ಸ್ಟಾರ್ಟಿಂಗ್ ಬ್ಯಾಟರಿ ಪ್ರತಿ ಸಲ ಬುಡದ ತನಕ ಖಾಲಿಯಾದಾಗಲೂ ಆಯುಸ್ಸು ಕಳೆದುಕೊಳ್ಳುತ್ತದೆ. ಡೆಲಿವರಿಯ ಹಿಂದಿನ ದಿನ ಜಂಪ್ ಕೊಟ್ಟು, ಪಾಲಿಷ್ ಹೊಡೆದು, ರಿಬ್ಬನ್ ಕಟ್ಟಿದರೆ ಒಳಗಿನ ಸಲ್ಫೇಟ್ ಫೋಟೋದಲ್ಲಿ ಬೀಳುವುದಿಲ್ಲ.

ಸಲಹೆಗಳಿಗೆ ಬರೋಣ. ದಿನಾ ಓಡಿಸಿ ಅನ್ನುತ್ತಾರೆ. ಸರ್ಕಾರ ಏನನ್ನುತ್ತದೆ? ಕಾರು ಮನೆಯಲ್ಲಿ ಬಿಡಿ ಅನ್ನುತ್ತದೆ. ಬಿಎಂಟಿಸಿ 2010ರಲ್ಲೇ ಪ್ರತಿ ತಿಂಗಳ 4ನೇ ತಾರೀಕನ್ನು ಬಸ್ ದಿನ ಎಂದು ಘೋಷಿಸಿತು. 2023ರ ಅಕ್ಟೋಬರಿನಿಂದ ನೇರಳೆ ಮೆಟ್ರೊ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದ ತನಕ ಓಡುತ್ತಿದೆ. ಒಳ್ಳೆಯ ನಾಗರಿಕನಾಗಿ ಮೆಟ್ರೊ ಹತ್ತಿದ ತಪ್ಪಿಗೆ ವಾರದ ಕೊನೆಯಲ್ಲಿ ಕಾರು ಶಿಕ್ಷೆ ಕೊಡುತ್ತದೆ. ಹೋಗಲಿ, ದಿನಾ ಓಡಿಸಿದರೆ? "ಶಾರ್ಟ್ ಟ್ರಿಪ್ ಸಾರ್, ಚಾರ್ಜ್ ಆಗಲ್ಲ. ಹೈವೇಲಿ ಓಡಿಸಿ." ಸಿಟಿಗೆ ಹೇಳಿ ಮಾಡಿಸಿದ ಕಾರು ಎಂದು ಸಿಲ್ಕ್ ಬೋರ್ಡಿನ ಹೋರ್ಡಿಂಗಿನಲ್ಲಿ ಹಾಕಿಸಿದವರು ಯಾರು? ಹಾಲು ತರಲು ಇನ್ನು ತುಮಕೂರಿಗೆ ಹೋಗಬೇಕೇನೋ.

ಓಡಿಸಲಾಗದಿದ್ದರೆ ನಿಂತಲ್ಲೇ ಹದಿನೈದು ನಿಮಿಷ ಸ್ಟಾರ್ಟ್ ಮಾಡಿ ಬಿಡಿ ಎಂಬುದು ಇನ್ನೊಂದು ಮದ್ದು. ಐಡ್ಲಿಂಗಿನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ. ಅರ್ಧ ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿ ತುಂಬಲು ಗಂಟೆಗಟ್ಟಲೆ ಬೇಕು. ಹದಿನೈದು ನಿಮಿಷದಲ್ಲಿ ತುಂಬುವುದು ಪಕ್ಕದ ಮನೆಯ ಅಡುಗೆಮನೆಗೆ ಹೊಗೆ.

ಕೀಯನ್ನು ದೂರ ಇಡಿ ಎಂಬ ಉಪದೇಶವೂ ಇದೆ. ಕೀ ಹತ್ತಿರವಿದ್ದರೆ ಕೆಲವು ಕಾರುಗಳು ಮಾಲೀಕ ಬಂದನೆಂದು ಎದ್ದು ಕೂರುತ್ತವಂತೆ. ನಮ್ಮದು ಮೂವತ್ತು ನಲವತ್ತರ ಸೈಟು. ಮೆಟ್ಟಿಲ ಕೆಳಗೆ ಕಾರು, ಗೋಡೆಯ ಈಚೆ ನಡುಮನೆ. ಕೀ ದೂರ ಇಡಬೇಕೆಂದರೆ ಎದುರುಮನೆಯವರಿಗೆ ಕೊಡಬೇಕು. ಕಳ್ಳ ಬಂದರೂ ಪರವಾಗಿಲ್ಲ ಅನಿಸುತ್ತದೆ. ಅವನಿಗೂ ಸ್ಟಾರ್ಟ್ ಆಗುವುದಿಲ್ಲ.

ಹಾಗಾದರೆ ನಿಜವಾದ ಪರೀಕ್ಷೆ ಇಲ್ಲವೆ? ಇದೆ. ನೆಗೆಟಿವ್ ಟರ್ಮಿನಲ್ ಕಳಚಿ, ನಡುವೆ ಮೀಟರು ಸೇರಿಸಿ, ಕಾರು ಲಾಕ್ ಮಾಡಿ ಕಾಯಬೇಕು. ಎಲ್ಲ ಮಾಡ್ಯೂಲುಗಳು ಮಲಗಲು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಆಮೇಲೂ ಮೀಟರು ಇಳಿಯದಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುವುದು. ಯಾವುದನ್ನು ಕಿತ್ತಾಗ ಕರೆಂಟು ದಿಢೀರನೆ ಇಳಿಯಿತೋ ಕಳ್ಳ ಆ ಲೈನಿನಲ್ಲಿದ್ದಾನೆ. ಅವನು ಆಗೊಮ್ಮೆ ಈಗೊಮ್ಮೆ ಎದ್ದು ಮಲಗುವ ಜಾತಿಯಾದರೆ ರಾತ್ರಿಯಿಡೀ ಅಳೆಯಬೇಕು.

ಇದಕ್ಕೆ ಬೇಕಾದದ್ದು ತಾಳ್ಮೆ. ವಾರಂಟಿ ಕೆಲಸಕ್ಕೆ ಕಂಪನಿ ಡೀಲರಿಗೆ ಕೊಡುವುದು ನಿಗದಿತ ಕೂಲಿ. ತಾಳ್ಮೆಗೆ ಕೂಲಿ ಇಲ್ಲ. ಹಾಗಾಗಿ ಸ್ಕ್ಯಾನರ್ ಚುಚ್ಚಿ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ತಪ್ಪು ಮಾಡಿದೆ ಎಂದು ತಾನೇ ಬರೆದುಕೊಂಡ ಮಾಡ್ಯೂಲ್ ಮಾತ್ರ ಸ್ಕ್ಯಾನರಿಗೆ ಸಿಗುತ್ತದೆ. ಸುಮ್ಮನೆ ಎಚ್ಚರವಾಗಿ ಕೂತದ್ದು ತಪ್ಪಿನ ಪಟ್ಟಿಗೇ ಸೇರದಿದ್ದರೆ ಅದು ಏನು ಹೇಳೀತು? ಬೀದಿ ಕೊನೆಯ ಆಟೋ ಎಲೆಕ್ಟ್ರಿಷಿಯನ್ ಬಳಿ ಕ್ಲ್ಯಾಂಪ್ ಮೀಟರ್ ಇದೆ, ತಾಳ್ಮೆಯೂ ಇದೆ. ಅವನು ಮುಟ್ಟಿದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸುತ್ತಾರೆ. ತಾವೂ ಹುಡುಕುವುದಿಲ್ಲ, ಹುಡುಕುವವನಿಗೂ ಬಿಡುವುದಿಲ್ಲ.

ಜಾಬ್ ಕಾರ್ಡ್ ನೋಡಿ. ಗ್ರಾಹಕರ ದೂರು: ಬ್ಯಾಟರಿ ಡೌನ್. ಮಾಡಿದ ಕೆಲಸ: ಚಾರ್ಜ್ ಮಾಡಿ ಪರೀಕ್ಷಿಸಲಾಗಿದೆ, ಸರಿಯಿದೆ. ಎಷ್ಟು ವೋಲ್ಟ್ ಇತ್ತು? ಬರೆದಿಲ್ಲ. ನಿಂತಾಗ ಎಷ್ಟು ಮಿಲಿಆಂಪಿಯರ್? ಬರೆದಿಲ್ಲ. ಎಷ್ಟು ಹೊತ್ತು ಅಳೆದಿರಿ? ಬರೆದಿಲ್ಲ. ಅಂಕಿ ಇರುವ ಜಾಗ ಒಂದೇ, ವಾಟರ್ ವಾಷಿನ ಬಿಲ್ಲು.

ಗಾಡಿ ಗೇಟು ದಾಟುವ ಮುಂಚೆ ಅಡ್ವೈಸರ್ ಹುಡುಗ ಕಿಟಕಿಗೆ ಬಗ್ಗುತ್ತಾನೆ. "ಕಂಪನಿಯಿಂದ ಕಾಲ್ ಬರುತ್ತೆ ಸಾರ್. ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಕೊಟ್ರೂ ನಮಗೆ ಫೇಲ್ ಲೆಕ್ಕ." ಕಾರಿನ ಬ್ಯಾಟರಿ ಅರ್ಧ ಇದ್ದರೂ ಪಾಸು. ಅವನ ಮಾರ್ಕು ಒಂದು ಕಮ್ಮಿಯಾದರೂ ಫೇಲು. ಅಳೆಯುವುದು ಬರುತ್ತದೆ ಇವರಿಗೆ. ಏನನ್ನು ಅಳೆಯಬಾರದು ಎಂಬುದೂ ಬರುತ್ತದೆ.

ಹೊರದೇಶದಲ್ಲಿ ಇಂಥದ್ದಿಲ್ಲವೆ? ಇದೆ. ಅಮೆರಿಕದಲ್ಲಿ 2015ರಿಂದ 2020ರವರೆಗಿನ ಔಟ್‌ಬ್ಯಾಕ್, ಫಾರೆಸ್ಟರ್ ಮೊದಲಾದ ಸುಬಾರು ಕಾರುಗಳ ಮಾಲೀಕರು ಇದೇ ಬ್ಯಾಟರಿ ಗೋಳು ಹೊತ್ತು 2020ರಲ್ಲಿ ನ್ಯೂಜೆರ್ಸಿಯ ಫೆಡರಲ್ ಕೋರ್ಟಿಗೆ ಹೋದರು. ಕಂಪನಿ ತಪ್ಪು ಒಪ್ಪಲಿಲ್ಲ. ಆದರೆ ರಾಜಿಗೆ ಬಂತು, ಖರ್ಚು ಮಾಡಿದವರಿಗೆ ಪರಿಹಾರ ಕೊಡಲು ಒಪ್ಪಿತು. ಪದೇ ಪದೇ ಕೆಡುವ ಹೊಸ ಕಾರನ್ನು ವಾಪಸ್ ತೆಗೆದುಕೊಳ್ಳಬೇಕೆಂಬ ಲೆಮನ್ ಕಾನೂನು ಅಲ್ಲಿನ ಕನೆಕ್ಟಿಕಟ್ ರಾಜ್ಯದಲ್ಲಿ 1982ರಲ್ಲೇ ಬಂತು.

ನಮ್ಮಲ್ಲಿ ನಿಂಬೆಹಣ್ಣು ಚಕ್ರದ ಕೆಳಗೆ ಮಾತ್ರ.

ಇಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಕೆಟ್ಟ ಭಾಗ ಬದಲಿಸಿಕೊಡುತ್ತೇವೆ ಎಂದಷ್ಟೇ ವಾರಂಟಿಯಲ್ಲಿ ಬರೆದಿರುವಾಗ ಇಡೀ ಕಾರು ಬದಲಿಸಿ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2006ರ ಒಂದು ಪ್ರಕರಣದಲ್ಲಿ ಹೇಳಿದೆ. ವಾರಂಟಿ ಬರೆಯುವವರು ಯಾರು? ಕಂಪನಿಯವರೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ನೋಟಿಸು ಮುಟ್ಟಿದ ಮೂರು ತಿಂಗಳಲ್ಲಿ, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಿದ್ದರೆ ಐದು ತಿಂಗಳಲ್ಲಿ ದೂರು ಇತ್ಯರ್ಥ ಮಾಡಲು ಯತ್ನಿಸಬೇಕು ಎಂದು ಅದರಲ್ಲಿದೆ. ಗ್ರಾಹಕ ಆಯೋಗದ ಕಾರಿಡಾರಿನಲ್ಲಿ ಫೈಲು ಹಿಡಿದು ನಿಂತವರನ್ನು ಎಷ್ಟನೇ ವಾಯಿದೆ ಎಂದು ಕೇಳಿ. ನಗುತ್ತಾರೆ.

ರಾಜ್ಯ ಸರ್ಕಾರವಂತೂ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇ 17ರ ಜೀವಿತಾವಧಿ ತೆರಿಗೆಯನ್ನು ಸೆಸ್ ಸಮೇತ ಮೊದಲ ದಿನವೇ ಕಿತ್ತುಕೊಂಡಿದೆ. ಕಾರಿನ ಜೀವಿತಾವಧಿಯ ಮೇಲೆ ಅಷ್ಟೊಂದು ಭರವಸೆ ಇರುವುದು ಅದಕ್ಕೊಂದೇ.

ಎಲೆಕ್ಟ್ರಿಕ್ ಕೊಂಡರೆ ಪಾರು ಎನ್ನಬೇಡಿ. ಕೆಳಗೆ ಮೂಟೆಗಟ್ಟಲೆ ಲಿಥಿಯಂ ಇದ್ದರೂ ಅದನ್ನು ಎಬ್ಬಿಸಲು ಬಹುತೇಕ ಕಾರುಗಳಿಗೆ ಇದೇ ಪುಟ್ಟ 12 ವೋಲ್ಟಿನ ಬ್ಯಾಟರಿ ಬೇಕು. 2024ರಲ್ಲಿ ಹ್ಯುಂಡೈ ಭಾರತದಲ್ಲಿ 1,744 ಅಯಾನಿಕ್ 5 ಕಾರುಗಳನ್ನು ವಾಪಸ್ ಕರೆದದ್ದು ಚಾರ್ಜಿಂಗ್ ಘಟಕದ ದೋಷದಿಂದ ಈ ಪುಟ್ಟ ಬ್ಯಾಟರಿ ಖಾಲಿಯಾಗಬಹುದೆಂದೇ. ನನ್ನ ಕಾರು ಅದಲ್ಲ. ಅಲ್ಲಿ ದೋಷ ಇದೆ ಎಂದು ಬಾಯಿಬಿಟ್ಟು ಹೇಳಿದರಲ್ಲ, ಅಷ್ಟು ಭಾಗ್ಯವೂ ಉಳಿದವರಿಗಿಲ್ಲ.

ಕೇಳುವುದು ದೊಡ್ಡದೇನಲ್ಲ. ಬ್ರೋಷರಿನಲ್ಲಿ ಮೈಲೇಜ್ ಬರೆಯುತ್ತೀರಿ. ಡಿಕ್ಕಿ ಎಷ್ಟು ಲೀಟರ್ ಎಂದು ಬರೆಯುತ್ತೀರಿ. ಸ್ಪೀಕರ್ ಎಷ್ಟು, ದೀಪದ ಬಣ್ಣ ಎಷ್ಟು ಎಂದೂ ಬರೆಯುತ್ತೀರಿ. ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆ ಎಂದು ಫ್ರಿಜ್ಜಿನ ಮೇಲೂ ಸ್ಟಿಕ್ಕರ್ ಇದೆ. ಇನ್ನೊಂದು ಸಾಲು ಸೇರಿಸಿ: ಲಾಕ್ ಮಾಡಿ ನಿಲ್ಲಿಸಿದ ಮೇಲೆ ಈ ಕಾರು ಎಳೆಯುವುದು ಇಷ್ಟು ಮಿಲಿಆಂಪಿಯರ್, ಮುಟ್ಟದೆ ಬಿಟ್ಟರೂ ಇಷ್ಟು ದಿನ ಸ್ಟಾರ್ಟ್ ಆಗುತ್ತದೆ. ದೂರು ಬಂದಾಗ ಅದನ್ನೇ ಅಳೆದು ಜಾಬ್ ಕಾರ್ಡಿನಲ್ಲಿ ಬರೆಯಿರಿ. ಮೀರಿದ್ದರೆ ಬ್ಯಾಟರಿಯೂ ನಿಮ್ಮದು, ಟೋ ಖರ್ಚೂ ನಿಮ್ಮದು.

ಬರೆಯುವುದಿಲ್ಲ, ಗೊತ್ತು. ಬರೆದರೆ ಎಸ್‌ಪಿ ರಸ್ತೆಯಲ್ಲಿ ಸಿಗುವ ಅಗ್ಗದ ಮಲ್ಟಿಮೀಟರ್ ಹಿಡಿದು ಯಾವ ಗಿರಾಕಿ ಬೇಕಾದರೂ ನಿಮ್ಮ ಸುಳ್ಳನ್ನು ಅಳೆದುಬಿಡುತ್ತಾನೆ.