ಕ್ಲಾಂಪು ರಾಯರು

ಬೀಳ್ಕೊಡುಗೆಯ ದಿನ ಬ್ಯಾಂಕಿನವರು ಹೊದಿಸಿದ ಶಾಲು ಇನ್ನೂ ಬೀರು ಸೇರಿರುವುದಿಲ್ಲ, ಅಷ್ಟರಲ್ಲಿ ರಾಯರ ಕಾರು ಶೆಡ್ಡಿನಿಂದ ಬೀದಿಗೆ ಬಿದ್ದಿರುತ್ತದೆ. ಇನ್ನು ಮೇಲೆ ಮಳೆ, ಬಿಸಿಲು, ಹೊಂಗೆಯ ಹೂವು, ಕಾಗೆಗಳ ಆಶೀರ್ವಾದ ಎಲ್ಲವೂ ಅದರ ಪಾಲಿಗೆ. ಶೆಡ್ಡು ಈಗ ವರ್ಕ್‌ಶಾಪ್. ಜಯನಗರ, ಬನಶಂಕರಿ, ರಾಜಾಜಿನಗರ, ಮಲ್ಲೇಶ್ವರ, ಬೆಂಗಳೂರಿನ ಯಾವ ಹಳೆಯ ಬಡಾವಣೆಗೆ ಹೋದರೂ ಅಡ್ಡರಸ್ತೆಗೊಬ್ಬರಂತೆ ಇಂಥ ರಾಯರು ಸಿಗುತ್ತಾರೆ. ಹೆಸರು ಬೇರೆ, ಪಿಂಚಣಿ ಬೇರೆ, ಬನಿಯನ್ನಿನ ಮೇಲಿನ ಮರದ ಪುಡಿ ಮಾತ್ರ ಒಂದೇ. ಅದೂ ಮರ ಕೊಯ್ದು ಬಂದದ್ದಲ್ಲ; ಪ್ಲೈವುಡ್ ಅಂಗಡಿಯಲ್ಲಿ ಒರಗಿ ನಿಂತು ಅಂಟಿಸಿಕೊಂಡದ್ದು.

ರಾಯರು ಮೊಮ್ಮಗಳಿಗಾಗಿ ಪುಸ್ತಕದ ಕಪಾಟು ಮಾಡುತ್ತಿದ್ದಾರೆ. ನಕ್ಷೆ ಹಾಕಿದಾಗ ಹುಡುಗಿ ಅ ಆ ಇ ಈ ತಿದ್ದುತ್ತಿದ್ದಳು. ಈಗ ಪಿಯುಸಿ ಪರೀಕ್ಷೆಗೆ ಕೂರುತ್ತಿದ್ದಾಳೆ. ಹಲಗೆ ಬಂದಿದೆ, ಗೋಂದು ಬಂದಿದೆ, ಗೋಡೆಯ ಮೇಲೆ ಗರಗಸ, ಉಳಿ, ಮೂಲೆಮಟ್ಟ ಸಾಲಾಗಿ ನೇತಾಡುತ್ತಿವೆ. ತಡವಾಗಿರುವುದು ಕ್ಲಾಂಪಿನಿಂದ. ಕ್ಲಾಂಪು ಇಲ್ಲವೆಂದಲ್ಲ; ಗೋಡೆಯ ಮುಕ್ಕಾಲು ಭಾಗ ಕ್ಲಾಂಪೇ. ಆದರೆ ಇನ್ನೂ ಅಗ್ಗಕ್ಕೆ, ಇನ್ನೂ ಒಳ್ಳೆಯದು ಎಲ್ಲೋ ಒಂದು ಅಂಗಡಿಯಲ್ಲಿ ತಮಗಾಗಿ ಕಾದಿದೆಯೆಂದು ರಾಯರ ದೃಢ ನಂಬಿಕೆ.

ಕ್ಲಾಂಪು ಯಾಕೆ ಬೇಕು ಎಂದು ಕೇಳಿದಿರೋ, ನಿಮ್ಮ ಮಧ್ಯಾಹ್ನ ಹೋಯಿತು.

“ನೋಡಿ ಇವರೇ, ಮೊಳೆ ಹೊಡೆದು ಕೂಡಿಸೋದು ಒರಟು ಕೆಲಸ. ಹಿಂದೆಲ್ಲ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟನ್ನ ಒಲೆ ಮೇಲೆ ಕಾಯಿಸಿ ಬಳೀತಿದ್ರು. 1959ರಲ್ಲಿ ಫೆವಿಕಾಲ್ ಬಂತು, ಆ ವಾಸನೆ ಹೋಯ್ತು. ಈ ಬಿಳಿ ಗೋಂದಿನಲ್ಲಿರೋ ನೀರನ್ನ ಮರ ಕುಡೀಬೇಕು, ಗಾಳಿ ಕುಡೀಬೇಕು, ಆಮೇಲೇ ಹಿಡಿತ. ಅಲ್ಲೀತನಕ ಎರಡು ತುಂಡೂ ಒಂದಕ್ಕೊಂದು ಅಂಟಿಕೊಂಡು ಅಲ್ಲಾಡದೆ ಕೂತಿರಬೇಕು. ಪೂರ್ತಿ ಗಟ್ಟಿಯಾಗೋಕೆ ಒಂದು ದಿನ. ದೇವರು ಕೊಟ್ಟಿರೋದು ಎರಡೇ ಕೈ. ಒಂದು ದಿನ ಪೂರ್ತಿ ಹಿಡ್ಕೊಂಡು ಕೂತರೆ ಊಟಕ್ಕೆ ಏನು ಮಾಡ್ತೀರಿ?”

ಹೀಗೆ ಊಟದ ಭಯ ಹುಟ್ಟಿಸಿ ರಾಯರು ಸ್ಪ್ರಿಂಗ್ ಕ್ಲಾಂಪನ್ನು ಕೈಗೆತ್ತಿಕೊಳ್ಳುತ್ತಾರೆ. ಎರಡು ಹಿಡಿ, ನಡುವೆ ಒಂದು ಪಿನ್ನು, ಪಿನ್ನಿಗೆ ಸುತ್ತಿದ ಸ್ಪ್ರಿಂಗು. ಹಿಡಿ ಅದುಮಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಕಚ್ಚುತ್ತದೆ. ಅವರ ಮನೆಯಾಕೆ ಇದನ್ನು ಬಟ್ಟೆ ಕ್ಲಿಪ್ಪಿನ ದೊಡ್ಡಣ್ಣ ಎಂದು ಕರೆದ ದಿನ ರಾಯರು ರಾತ್ರಿ ಊಟ ಬಿಟ್ಟಿದ್ದರು. ಬಟ್ಟೆ ಕ್ಲಿಪ್ಪಿಗೆ ತಿರುಗುವ ತುಟಿ ಇದೆಯೇ? ಓರೆ ಇರುವ ಹಲಗೆಯ ಮೇಲೂ ಅದು ಸಮನಾಗಿ ಕೂರುತ್ತದೆಯೇ?

“ಹಾಗಾದರೆ ಕಪಾಟಿನ ಇಷ್ಟು ದಪ್ಪ ಹಲಗೆಯನ್ನೂ ಇದು ಹಿಡಿಯುತ್ತಾ?” ಎಂದರೆ ರಾಯರು ಪ್ರಾಮಾಣಿಕರು, ಸುಳ್ಳು ಹೇಳುವವರಲ್ಲ.

“ಛೆ, ಎಲ್ಲಾದರೂ ಉಂಟೇ! ಸ್ಪ್ರಿಂಗಿನಲ್ಲಿ ಎಷ್ಟು ಬಲ ತುಂಬಿರುತ್ತೋ ಅಷ್ಟೇ. ಅಂಚಿಗೆ ಪಟ್ಟಿ ಅಂಟಿಸೋಕೆ, ಕೊಯ್ಯುವಾಗ ಅಳತೆಪಟ್ಟಿ ಜರುಗದ ಹಾಗೆ ಹಿಡಿಯೋಕೆ, ಸಣ್ಣಪುಟ್ಟ ಡಬ್ಬಿ ಕೂಡಿಸೋಕೆ ಇದು. ದಪ್ಪ ಹಲಗೆಗೆ ಸ್ಕ್ರೂ ತಿರುಗಿಸಿ ಬಿಗಿಯೋ ಉದ್ದದ ಕ್ಲಾಂಪೇ ಬೇಕು.”

“ಮತ್ತೆ ಅದನ್ನೇ ತರಬಹುದಲ್ಲ?”

“ಅದರ ಬೆಲೆ ಕೇಳಿದೀರಾ?”

ರಾಯರ ವ್ಯಾಪಾರವನ್ನು ನೋಡಬೇಕಾದರೆ ಅವರ ಹಿಂದೆ ಮೆಟ್ರೋ ಹತ್ತಬೇಕು. ಜಯನಗರದಲ್ಲಿ ಹಸಿರು ಮಾರ್ಗದ ರೈಲು ಹಿಡಿದು ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು ಹತ್ತಿರ. ರಾಯರ ಚೀಲ ಕಂಡ ಕೂಡಲೇ ಒಂದೆರಡು ಅಂಗಡಿಯವರಿಗೆ ಒಳಗೆ ತುರ್ತು ಕೆಲಸ ಬರುತ್ತದೆ. ಕೌಂಟರಿನಲ್ಲಿ ಹೊಸದಾಗಿ ಸೇರಿದ ಹುಡುಗ ಸಿಕ್ಕಿಬೀಳುತ್ತಾನೆ.

“ಇದು ಎಷ್ಟಿಂಚಿಂದಪ್ಪಾ?”

“ನಾಲ್ಕಿಂಚು ಸಾರ್.”

“ನಾಲ್ಕಿಂಚು ಅಂದರೆ ಉದ್ದವೋ, ಬಾಯಿಯೋ?”

ಹುಡುಗ ಮಾಲೀಕರ ಮುಖ ನೋಡುತ್ತಾನೆ. ಮಾಲೀಕರು ಫ್ಯಾನಿನ ಮುಖ ನೋಡುತ್ತಾರೆ. ಪ್ರಶ್ನೆಯೇನೋ ನ್ಯಾಯವಾದದ್ದೇ. ತಯಾರಕರಲ್ಲಿ ಒಬ್ಬರು ಇಡೀ ಕ್ಲಾಂಪಿನ ಉದ್ದ ಅಳೆದು ಹೇಳಿದರೆ, ಇನ್ನೊಬ್ಬರು ಬಾಯಿ ಎಷ್ಟು ಅಗಲ ತೆರೆಯುತ್ತದೆಂದು ಹೇಳುತ್ತಾರೆ. ರಾಯರು ಜೇಬಿನಿಂದ ಟೇಪು ಎಳೆಯುತ್ತಾರೆ. ಬಾಯಿ ಎರಡೇ ಇಂಚು.

“ನೋಡು, ಅರ್ಧ ಸುಳ್ಳು. ಬೆಲೆಯನ್ನೂ ಅರ್ಧ ಮಾಡು.”

ಅಲ್ಲಿಂದ ತಪಾಸಣೆ. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಎರಡು ತುಟಿ ಸರಿಯಾಗಿ ಕೂಡದಿದ್ದರೆ ಹಲಗೆ ಜಾರುತ್ತದೆ. ಹಿಡಿಗಳನ್ನು ಅಡ್ಡಕ್ಕೆ ಅಲ್ಲಾಡಿಸುತ್ತಾರೆ. ಪಿನ್ನು ಸಡಿಲವಿದ್ದರೆ ವಾಪಸ್ಸು. ತುದಿಯ ರಬ್ಬರನ್ನು ಉಗುರಿನಿಂದ ಎಬ್ಬಿ ನೋಡುತ್ತಾರೆ; ಕಿತ್ತು ಬಂದರೆ ಅದನ್ನು ಹುಡುಗನ ಅಂಗೈಯಲ್ಲಿ ಇಟ್ಟು ಮುಂದಿನದಕ್ಕೆ ಕೈ ಹಾಕುತ್ತಾರೆ. ಒಂದೇ ಕೈಯಲ್ಲಿ ಪೂರ್ತಿ ತೆರೆದು ನೋಡುತ್ತಾರೆ, ಏಕೆಂದರೆ ಇನ್ನೊಂದು ಕೈ ಹಲಗೆ ಹಿಡಿದಿರುತ್ತದೆ. ಬಾಯಿ ಅಗಲವಾದಷ್ಟೂ ಸ್ಪ್ರಿಂಗು ಬಿಗಿ. ದೊಡ್ಡ ಕ್ಲಾಂಪು ಕೊಂಡು ಅದನ್ನು ತೆರೆಯಲು ಪಕ್ಕದ ಮನೆಯ ಜಿಮ್ ಹುಡುಗನನ್ನು ಕರೆದವರ ಕಥೆ ಅವರಿಗೆ ಗೊತ್ತು. ಕೊನೆಗೆ ತಮ್ಮ ಹೆಬ್ಬೆರಳಿಗೇ ಕಚ್ಚಿಸಿಕೊಂಡು, ಕಣ್ಣು ಮುಚ್ಚಿ, ತಲೆದೂಗುತ್ತಾರೆ. ಗಾಯನ ಸಮಾಜದ ಕಚೇರಿಯಲ್ಲಿ ಕೂಡ ಅವರು ಹೀಗೆ ತಲೆದೂಗಿದ್ದನ್ನು ಯಾರೂ ಕಂಡಿಲ್ಲ.

ಪ್ಲಾಸ್ಟಿಕ್ಕೋ ಕಬ್ಬಿಣವೋ ಎಂಬುದು ಇನ್ನೊಂದು ಕಾಂಡ. ಅಗ್ಗದ ಪ್ಲಾಸ್ಟಿಕ್ಕು ಬಿಸಿಲಿಗೆ ಸೊರಗಿ ಒಂದು ದಿನ ಟಪ್ಪೆಂದು ಮುರಿಯುತ್ತದೆ, ಆದ್ದರಿಂದ ಶೆಡ್ಡಿನ ನೆರಳಿನಲ್ಲೇ ಇರಬೇಕು. ಕಬ್ಬಿಣ ಗಟ್ಟಿ, ಆದರೆ ಹಸಿ ಗೋಂದು ತಾಗಿದರೆ ಒಗರಿನ ಮರದ ಮೇಲೆ ಕಪ್ಪು ಕಲೆ ಬಿಡುತ್ತದೆ, ಆದ್ದರಿಂದ ನಡುವೆ ಟೇಪು ಅಂಟಿಸಬೇಕು. ರಾಯರು ಎರಡರ ಗುಣದೋಷಗಳನ್ನೂ ತೂಗಿ ಎರಡನ್ನೂ ಕೊಳ್ಳುತ್ತಾರೆ. ಡಜನ್ನಿನ ಮೇಲೆ ಇಪ್ಪತ್ತು ರೂಪಾಯಿ ಬಿಡಿಸಿಕೊಂಡ ಗೆಲುವಿನಲ್ಲಿ ಒಂದು ದೋಸೆ, ಒಂದು ಕಾಫಿ ಆಗುತ್ತದೆ. ಉಳಿತಾಯದ ಲೆಕ್ಕಕ್ಕೆ ದೋಸೆ ಸೇರುವುದಿಲ್ಲ, ಮೆಟ್ರೋ ಟಿಕೆಟ್ಟೂ ಸೇರುವುದಿಲ್ಲ.

ಮನೆಗೆ ಬಂದ ಮೇಲೆ ಕ್ಲಾಂಪುಗಳಿಗೆ ನಿಜವಾದ ಉದ್ಯೋಗ ಸಿಗುತ್ತದೆ. ಎರಡಿಂಚಿನವು ಅವಲಕ್ಕಿ, ರವೆ, ಹುರಿಗಡಲೆ ಪೊಟ್ಟಣಗಳ ಬಾಯಿ ಕಾಯುತ್ತವೆ. ಮೂರಿಂಚಿನವು ತಾರಸಿಯಲ್ಲಿ ಸಂಡಿಗೆ ಸೀರೆಯ ಅಂಚು ಹಿಡಿಯುತ್ತವೆ. ಗೌರಿ ಹಬ್ಬಕ್ಕೆ ಮಂಟಪದ ಬಾಳೆಕಂದು, ಮಾವಿನ ತೋರಣ, ಸೀರಿಯಲ್ ಸೆಟ್ಟಿನ ವೈರು ಎಲ್ಲವೂ ದೊಡ್ಡವುಗಳ ಹೊಣೆ. ಬೀದಿಯವರೂ ಕೇಳಿಕೊಂಡು ಬರುತ್ತಾರೆ. ಇಲ್ಲವೆನ್ನುವ ಜಾಯಮಾನ ರಾಯರದಲ್ಲ, ಮರೆಯುವ ಜಾಯಮಾನವೂ ಅಲ್ಲ. ಅದಕ್ಕೊಂದು ಲೆಡ್ಜರಿದೆ: ಯಾರಿಗೆ, ಯಾವ ಅಳತೆಯದು, ಯಾವ ತಾರೀಖು. ಹಿಂತಿರುಗದೆ 90 ದಿನ ದಾಟಿದರೆ ಕೆಂಪು ಶಾಯಿಯಲ್ಲಿ ‘ಎನ್‌ಪಿಎ’ ಎಂದು ಬರೆಯುತ್ತಾರೆ. ಆ ಮನೆಯವರು ವಾಕಿಂಗಿನಲ್ಲಿ ಎದುರಾದರೆ ರಾಯರು ಮೊದಲು ಕೇಳುವುದು ಆರೋಗ್ಯವನ್ನಲ್ಲ.

ಮೊನ್ನೆ ಅಡುಗೆಮನೆ ಬಾಗಿಲಿನ ಅಂಚುಪಟ್ಟಿ ಕಿತ್ತು ಬಂತು. ಮನೆಯಾಕೆ ಇವರಿಗೆ ಹೇಳದೆ ಆಚಾರಿಗೆ ಫೋನು ಮಾಡಿದರು. ಆಚಾರಿ ಬಂದು, ಹಳೆಯ ಗೋಂದು ಕೆರೆದು, ಹೊಸದು ಬಳಿದು, “ಒಂದೆರಡು ಸಣ್ಣ ಮೊಳೆ ಇದ್ರೆ ಕೊಡಿ ಸಾರ್” ಅಂದರು.

ರಾಯರು ಪುಳಕಿತರಾದರು. ತೆಳು ಪಟ್ಟಿ, ಹಸಿ ಗೋಂದು! ಸ್ಪ್ರಿಂಗ್ ಕ್ಲಾಂಪು ಹುಟ್ಟಿರುವುದೇ ಇದಕ್ಕೆ.

“ಮೊಳೆ ಗಿಳೆ ಬೇಡ ಆಚಾರ್ರೇ, ಒಂದು ನಿಮಿಷ ತಡೀರಿ.”

ಶೆಡ್ಡಿನ ಗೋಡೆಯ ಮುಂದೆ ನಿಂತರು. ಎರಡಿಂಚಿನದಕ್ಕೆ ಬಾಗಿಲಿನ ದಪ್ಪ ನಿಲುಕುವುದು ಅನುಮಾನ. ಮೂರಿಂಚಿನದರ ತುಟಿ ಪಾಲಿಶಿನ ಮೇಲೆ ಗುರುತು ಬಿಟ್ಟರೆ? ಕಬ್ಬಿಣದ್ದು ತೆಗೆದುಕೊಳ್ಳೋಣವೆಂದರೆ ಬಾಗಿಲು ತೇಗ, ಕಲೆ ಬೀಳಬಹುದು. ನಾಲ್ಕಿಂಚಿನ ಒಳ್ಳೆಯ ಜೋಡಿ ಮೂಲೆಮನೆಯವರ ಹತ್ತಿರ ಎನ್‌ಪಿಎ. ರಾಯರು ಆರಿಸಿಕೊಂಡು ಬರುವಷ್ಟರಲ್ಲಿ ಆಚಾರಿಯ ಕಾಫಿ ಮುಗಿದಿತ್ತು, ಪಟ್ಟಿಯ ಮೇಲಿನ ಗೋಂದು ಕೆನೆಗಟ್ಟಿತ್ತು. ಆಚಾರಿ ಅದನ್ನು ಒರೆಸಿ, ಮತ್ತೆ ಬಳಿದು, ತಮ್ಮ ಅಂಗಿಯ ಜೇಬಿನಿಂದಲೇ ಮೂರು ಮೊಳೆ ತೆಗೆದು ಟಕಟಕನೆ ಹೊಡೆದು ಮುಗಿಸಿದರು.

ರಾಯರು ಬಗ್ಗಿ ಮೊಳೆಯ ತಲೆಯನ್ನು ಸವರಿ ನೋಡಿದರು. ಮನೆಯಾಕೆ ಉಸಿರು ಬಿಗಿಹಿಡಿದರು.

“ಆಚಾರ್ರೇ, ಈ ಮೊಳೆ ಎಲ್ಲಿ ತಗೊಂಡ್ರಿ? ಕೇಜಿಗೆ ಎಷ್ಟು ಕೊಟ್ರಿ?”

ಆಚಾರಿ ಹೇಳಿದರು.

“ಅಯ್ಯೋ, ಮೋಸ ಹೋದ್ರಿ! ನಾಳೆ ಹತ್ತು ಗಂಟೆಗೆ ಮೆಟ್ರೋ ಸ್ಟೇಷನ್ ಹತ್ತಿರ ಬನ್ನಿ, ನಾನು ಕೊಡಿಸ್ತೀನಿ.”